ಸತ್ಯಾಂಶ: ‘ಬಾರ್ಡ್’ ಪದದ ಮೂಲ ‘ಭಟ್ಟ’ ಅಲ್ಲ

ದನಿಯ ಹೋಲಿಕೆಯನ್ನೇ ಆಧಾರವಾಗಿಟ್ಟು ಐರೋಪ್ಯ ಪದಗಳೆಲ್ಲ ಸಂಸ್ಕೃತದಿಂದ ಹುಟ್ಟಿದವೆನ್ನುವ ಸಂದೇಶಗಳು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತಲೇ ಇರುತ್ತವೆ. ಪ್ರಾಚೀನ ಪಶ್ಚಿಮ ಯುರೋಪಿನ ಕೆಲ್ಟಿಕ್ ಜನರ ಕವಿಯನ್ನು ಸೂಚಿಸುವ ‘ಬಾರ್ಡ್’ ಪದವನ್ನು ಅದೇ ರೀತಿ ‘ಭಟ್ಟ’ಕ್ಕೆ ಜೋಡಿಸುವುದು ಸರಿಯಲ್ಲ. ಭಾಷೆಯ ಮೇಲಿನ ಅಭಿಮಾನದಿಂದಲೇ ಹಲವರು ಇದನ್ನು ಹಂಚುತ್ತಾರೆ. ಆದರೆ ನಿಜವಾದ ನಂಟು ಇದಕ್ಕಿಂತ ಸೊಗಸಾಗಿದೆ.

ಸುಮಾರು 2,000 ವರ್ಷಗಳ ಹಿಂದೆ ಗ್ರೀಕ್ ಭೂಗೋಳಕಾರ ಸ್ಟ್ರಾಬೊ, ಗಾಲ್ ನಾಡಿನ (ಇಂದಿನ ಫ್ರಾನ್ಸ್ ಮತ್ತು ಸುತ್ತಲಿನ ಪ್ರದೇಶ) ಗಾಯಕರೂ ಕವಿಗಳೂ ಆಗಿದ್ದವರನ್ನು ಇದೇ ಪದದಿಂದ ಕರೆದಿದ್ದಾನೆ. ಭಾಷಾಶಾಸ್ತ್ರಜ್ಞರು ಸಾಮಾನ್ಯವಾಗಿ ಒಪ್ಪುವಂತೆ, ಇದರ ಬೇರು ‘ಹೊಗಳು’ ಎಂಬರ್ಥದ ಪ್ರಾಚೀನ ಧಾತು; ಸಂಸ್ಕೃತದಲ್ಲಿ ಸ್ತುತಿಸುವುದನ್ನು ಹೇಳುವ ‘ಗೃಣಾತಿ’ ಅದೇ ಬೇರಿನದು. ಸಂಸ್ಕೃತ ಇಲ್ಲಿ ತಾಯಿಯಲ್ಲ, ದಾಯಾದಿ.

ಪರೀಕ್ಷಿಸಬೇಕೆಂದರೆ ವ್ಯುತ್ಪತ್ತಿಕೋಶದಲ್ಲಿ ಪದದ ಹಳೆಯ ಬಳಕೆಯನ್ನು ನೋಡಿ, ಧ್ವನಿವ್ಯತ್ಯಾಸ ಬೇರೆ ಪದಗಳಲ್ಲೂ ಕ್ರಮವಾಗಿ ಕಾಣುತ್ತದೆಯೇ ಎಂದು ಗಮನಿಸಬೇಕು: ‘ಗೃಣಾತಿ’ಯ ‘ಗ’ಕಾರಕ್ಕೆ ‘ಬಾರ್ಡ್’ನ ‘ಬ’ಕಾರ ಸಾಟಿಯಾಗುವಂತೆಯೇ, ಸಂಸ್ಕೃತದ ‘ಗೋ’ಗೆ ಕೆಲ್ಟಿಕ್ ಭಾಷೆಯಾದ ಐರಿಷ್‌ನಲ್ಲಿ ಹಸು ಎಂಬರ್ಥದ ‘ಬೋ’ ಸಾಟಿಯಾಗಿ ನಿಲ್ಲುತ್ತದೆ.