ಅಪ್ಪನ ದನಿಯಲ್ಲಿ ನಾನು ಬರೀ 'ಟ್ಟಾ'

ಅಪ್ಪ ಕರೆಯುತ್ತಿದ್ದದ್ದು 'ಪುಟ್ಟಾ' ಅಂತಲೇ. ಆದರೆ ಮೈಕಿನ ಗುರುತು ಒತ್ತುವ ಮೊದಲೇ ಮಾತು ಶುರು ಮಾಡಿಬಿಡುವುದು ಅವರ ಅಭ್ಯಾಸ. ಹಾಗಾಗಿ ಅವರ ವಾಯ್ಸ್ ಮೆಸೇಜುಗಳಲ್ಲೆಲ್ಲ ನನ್ನ ಹೆಸರಿನ ಮೊದಲಕ್ಷರ ಬಿದ್ದುಹೋಗಿದೆ. "…ಟ್ಟಾ, ಫೋನ್ ಎತ್ತು. ಏನಿಲ್ಲ, ಸುಮ್ನೆ ಮಾಡ್ದೆ." ಒಟ್ಟು ಹನ್ನೊಂದು ಸೆಕೆಂಡು. ಅದರಲ್ಲಿ ನಾಲ್ಕು ಸೆಕೆಂಡು ಬರೀ ಫ್ಯಾನಿನ ಸದ್ದು.

ಅವರು ಹೋಗಿ ಎಂಟು ತಿಂಗಳಾದ ಮೇಲೆ ಒಂದು ರಾತ್ರಿ ಅದನ್ನು ಕೇಳಬೇಕು ಅನ್ನಿಸಿ ವಾಟ್ಸ್‌ಆ್ಯಪ್ ಚಾಟ್ ತೆರೆದೆ. ಒತ್ತಿದರೆ ದನಿ ಬರಲಿಲ್ಲ, ಸೂಚನೆ ಬಂತು: ಈ ಫೈಲ್ ಸಿಗುತ್ತಿಲ್ಲ, ಮತ್ತೊಮ್ಮೆ ಕಳಿಸಲು ಹೇಳಿ. ಯಾರಿಗೆ ಹೇಳಲಿ? ತಪ್ಪು ಆ್ಯಪಿನದಲ್ಲ, ನನ್ನದೇ. ಫೋನು ತುಂಬಿದೆ ಅಂತ ಒಂದಿನ ಕಣ್ಣುಮುಚ್ಚಿ ಎಲ್ಲ ಅಳಿಸಿದ್ದೆ. ಫಾರ್ವರ್ಡ್ ವಿಡಿಯೋಗಳ ಜೊತೆ ಅಪ್ಪನ ದನಿಯೂ ಕಸಕ್ಕೆ ಹೋಗಿತ್ತು.

ಪುಣ್ಯಕ್ಕೆ ಗಾಜು ಒಡೆದ ಹಳೇ ಫೋನು ಡ್ರಾಯರಿನಲ್ಲಿತ್ತು, ಚಾರ್ಜಿಗಿಟ್ಟರೆ ಎದ್ದೂ ಕೂತಿತು. ಕಂಪ್ಯೂಟರಿಗೆ ಕೇಬಲ್ ಹಾಕಿದರೆ ಮಾತ್ರ ಸಾಲದು, ಫೋನಿನ ಮೇಲೆ ಬರುವ ನೋಟಿಫಿಕೇಶನ್ ಒತ್ತಿ 'ಫೈಲ್ ಟ್ರಾನ್ಸ್‌ಫರ್' ಅಂತ ಆರಿಸಬೇಕು, ಇಲ್ಲದಿದ್ದರೆ ಬರೀ ಚಾರ್ಜ್ ಆಗುತ್ತಿರುತ್ತದೆ. ಹಳೇ ಆಂಡ್ರಾಯ್ಡ್ ಫೋನಾದರೆ ವಾಟ್ಸ್‌ಆ್ಯಪ್ ಫೋಲ್ಡರು ಕಣ್ಣೆದುರೇ ಇರುತ್ತದೆ. ಹೊಸದರಲ್ಲಿ 'ಆಂಡ್ರಾಯ್ಡ್', ಅದರೊಳಗೆ 'ಮೀಡಿಯಾ' ಅಂತ ಹುಡುಕಿಕೊಂಡು ಹೋಗಬೇಕು. 'ವಾಯ್ಸ್ ನೋಟ್ಸ್' ಫೋಲ್ಡರು ಸಿಕ್ಕಿತು ಅಂತ ಖುಷಿಪಟ್ಟರೆ ಒಳಗೆ ವಾರಕ್ಕೊಂದು ಫೋಲ್ಡರು, ಪ್ರತಿ ಫೈಲಿನ ಹೆಸರೂ 'ಪಿಟಿಟಿ' ಅಂತ ಶುರು. ಮುಂದೆ ತಾರೀಖು ಇರುತ್ತದೆ, ಕಳಿಸಿದವರ ಹೆಸರಿರುವುದಿಲ್ಲ. ಎಲ್ಲರ ದನಿಯೂ ಒಂದೇ ರಾಶಿಯಲ್ಲಿ. ಒಬ್ಬರದ್ದು ಮಾತ್ರ ಸಾಕಾದರೆ ಆ ಚಾಟನ್ನು ಮೀಡಿಯಾ ಸಮೇತ 'ಎಕ್ಸ್‌ಪೋರ್ಟ್' ಮಾಡುವುದು ಸುಲಭ. ನನಗದು ಆಮೇಲೆ ಗೊತ್ತಾಯಿತು. ಎರಡು ಭಾನುವಾರ ಕೂತು ಆಫೀಸಿನವರ ಗೊಣಗಾಟವನ್ನೆಲ್ಲ ಕೇಳಿ, ನಡುನಡುವೆ 'ಟ್ಟಾ' ಬಂದಾಗ ಎತ್ತಿಟ್ಟುಕೊಂಡೆ.

ವಾಯ್ಸ್‌ಮೇಲ್, ಅಂದರೆ ಕರೆ ಎತ್ತದಿದ್ದಾಗ ಬಿಟ್ಟ ಮಾತು, ಆದರೆ ಇನ್ನೂ ಅವಸರ ಮಾಡಬೇಕು. ಅದು ಸಾಮಾನ್ಯವಾಗಿ ಇರುವುದು ಫೋನ್ ಕಂಪನಿಯ ಸರ್ವರಿನಲ್ಲಿ. ಇಂತಿಷ್ಟು ದಿನ ಆದ ಮೇಲೆ ಅಳಿಸುವ ನಿಯಮ ಇರಬಹುದು, ನಂಬರು ರದ್ದಾದರೆ ಕಥೆ ಮುಗಿಯಿತು. ಐಫೋನಿನಲ್ಲಿ ವಾಯ್ಸ್‌ಮೇಲುಗಳ ಪಟ್ಟಿ ಕಾಣುವಂತಿದ್ದರೆ ಶೇರ್ ಗುರುತು ಒತ್ತಿ ಫೈಲಾಗಿ ಉಳಿಸಬಹುದು. ಏನೂ ಆಗದಿದ್ದರೆ ಸ್ಪೀಕರಿಗೆ ಹಾಕಿ ಪಕ್ಕದಲ್ಲಿ ಇನ್ನೊಂದು ಫೋನಿಟ್ಟು ರೆಕಾರ್ಡ್ ಮಾಡಿ. ಗುಣಮಟ್ಟದ ಚಿಂತೆ ಬೇಡ. ಸಾಂಪ್ರದಾಯಿಕ ಫೋನ್ ಲೈನು ಸಾಗಿಸುವುದೇ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನು. ನಾವು ಇಷ್ಟು ವರ್ಷ ಕೇಳಿ ಪ್ರೀತಿಸಿದ್ದೂ ಆ ಇಕ್ಕಟ್ಟಿನ ದನಿಯನ್ನೇ ಅಲ್ಲವೇ?

ಎಂಪಿ3 ಮಾಡುವ ಹುಚ್ಚಿಗೂ ಬೀಳಬೇಡಿ. ವಾಟ್ಸ್‌ಆ್ಯಪಿನ ಓಪಸ್ ಫೈಲು ಮೊದಲೇ ಹಿಂಡಿ ಸಣ್ಣ ಮಾಡಿದ್ದು, ಮತ್ತೆ ಹಿಂಡಿದರೆ ಇನ್ನಷ್ಟು ಹೋಗುತ್ತದೆ. ವಿಎಲ್‌ಸಿ ಅನ್ನುವ ಪ್ಲೇಯರಿನಲ್ಲಿ ಹಾಗೇ ಕೇಳಬಹುದು. ಮೂಲ ಫೈಲನ್ನು ಮುಟ್ಟದೆ ಕಂಪ್ಯೂಟರಿನಲ್ಲೊಂದು, ಹಾರ್ಡ್ ಡಿಸ್ಕಿನಲ್ಲೊಂದು, ಬೇರೆ ಮನೆಯಲ್ಲಿರುವ ಒಡಹುಟ್ಟಿದವರ ಹತ್ತಿರ ಒಂದು ಪ್ರತಿ ಇರಲಿ.

ಇದನ್ನು ಹೇಳುವ ನಾನೇ ಫ್ಯಾನಿನ ಸದ್ದು ತೆಗೆಯೋಣ ಅಂತ ಒಂದು ಪ್ರತಿಯನ್ನು ಆಡಾಸಿಟಿ ಅನ್ನುವ ದನಿ ತಿದ್ದುವ ಸಾಫ್ಟ್‌ವೇರಿಗೆ ಹಾಕಿದ್ದೆ. ಸದ್ದು ತಗ್ಗಿಸುವ 'ನಾಯ್ಸ್ ರಿಡಕ್ಷನ್' ಒತ್ತಿದೆ. ಫ್ಯಾನು ನಿಂತಿತು. ಆದರೆ ಅಪ್ಪ ಡಬ್ಬದೊಳಗೆ ಕೂತು ಮಾತಾಡಿದ ಹಾಗೆ ಕೇಳಿಸಿತು. 'ಏನಿಲ್ಲ' ಅನ್ನುವ ಮೊದಲು ಎಳೆದುಕೊಳ್ಳುತ್ತಿದ್ದ ಆ ಸಣ್ಣ ಉಸಿರೂ ಸದ್ದಿನ ಲೆಕ್ಕಕ್ಕೇ ಸೇರಿ ಮಾಯವಾಗಿತ್ತು. ಗಾಬರಿಯಿಂದ ಆ ಪ್ರತಿಯನ್ನು ಅಳಿಸಿದೆ. ಫ್ಯಾನು ತಿರುಗುತ್ತಿರಲಿ, ಅದು ಅವರ ಕೋಣೆಯದು.

ದನಿ ಹಿಡಿದಿಟ್ಟು ಮತ್ತೆ ಕೇಳಿಸುವ ಫೋನೋಗ್ರಾಫ್ ಯಂತ್ರ ಮಾಡಿದ ಮರುವರ್ಷ, 1878ರಲ್ಲಿ, ಎಡಿಸನ್ ಅದರ ಉಪಯೋಗಗಳನ್ನು ಪಟ್ಟಿ ಮಾಡುತ್ತಾ ಮನೆಮಂದಿಯ ದನಿಯನ್ನೂ ಸಾಯುವವರ ಕೊನೆಯ ಮಾತನ್ನೂ ಹಿಡಿದಿಡಬಹುದು ಎಂದು ಬರೆದಿದ್ದ. ಕೊನೆಯ ಮಾತು ನನಗೆ ಬೇಕಿಲ್ಲ ಮಾರಾಯ್ರೇ. ಹುಟ್ಟುಹಬ್ಬದ ಹಾರೈಕೆಯನ್ನು ಎಲ್ಲರೂ ಜೋಪಾನ ಮಾಡುತ್ತೇವೆ, ಆದರೆ ಹಾರೈಸುವಾಗ ಅಪ್ಪ ಭಾಷಣದ ದನಿ ತೆಗೆಯುತ್ತಿದ್ದರು. ಅವರು ಅವರಾಗಿ ಸಿಗುವುದು 'ಫೋನ್ ಎತ್ತು' ಅನ್ನುವಾಗ. ನಾವು ಮೊದಲು ಅಳಿಸುವುದೂ ಅಂಥದ್ದನ್ನೇ.

ಈಗ ಅಮ್ಮನ ಮೆಸೇಜುಗಳನ್ನು ತಿಂಗಳಿಗೊಮ್ಮೆ ಇಳಿಸಿಕೊಳ್ಳುತ್ತೇನೆ. "ನಾನಿನ್ನೂ ಇದ್ದೀನಲ್ಲೋ" ಅಂತ ಬೈದರು. ಬೈದದ್ದನ್ನೂ ಮೆಸೇಜಿನಲ್ಲೇ ಕಳಿಸಿದ್ದರು, ಅದೂ ಫೋಲ್ಡರಿಗೆ ಸೇರಿದೆ.

ಅಪ್ಪನ ಫೈಲುಗಳಿಗೆಲ್ಲ ತಾರೀಖು, ವಿಷಯ ಹಾಕಿ ಹೆಸರಿಟ್ಟಿದ್ದೇನೆ. ಒಂದಕ್ಕೆ ಮಾತ್ರ ಆಗಿಲ್ಲ. ಎರಡು ಸೆಕೆಂಡಿನದು, ಕೈತಪ್ಪಿ ಒತ್ತಿದ್ದಿರಬೇಕು. ಮಾತಿಲ್ಲ. ಫ್ಯಾನು, ಒಂದು ಕೆಮ್ಮು, ಅಷ್ಟೇ. ಅದಿನ್ನೂ 'ಪಿಟಿಟಿ' ಅಂತಲೇ ಇದೆ.