ಏಯ್, ಮುಟ್ಬೇಡ!

ನಿನ್ನೆ ಅಣ್ಣನ ಮಗನನ್ನು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕರ್ಕೊಂಡು ಹೋಗಿದ್ದೆ. ಬಂದಾಗಿನಿಂದ ತಲೆ ಕೆಟ್ಟಿದೆ.

ಅಲ್ಲೊಂದು ಜೋಡಿ ಹಳಿ. ಎರಡು ಲಾಳಿಕೆಯನ್ನು ಬಾಯಿಗೆ ಬಾಯಿ ಸೇರಿಸಿದಂಥ ಒಂದು ಉರುಳೆ. ತಗ್ಗಿನಲ್ಲಿಟ್ಟು ಕೈಬಿಟ್ಟರೆ ತಾನಾಗೇ ಏರು ಹತ್ತುತ್ತದೆ! ಐದನೇ ಕ್ಲಾಸಿನವನಿರಬೇಕು, ಶಾಲಾ ಪ್ರವಾಸಕ್ಕೆ ಬಂದಿದ್ದ ಒಬ್ಬ ಹುಡುಗ ಬಗ್ಗಿ ಹಳಿಯ ಮಟ್ಟಕ್ಕೆ ಕಣ್ಣಿಟ್ಟಿದ್ದ. ಗುಟ್ಟು ಅಲ್ಲೇ ಇರೋದು. ಮೇಲೆ ಹೋದಷ್ಟೂ ಹಳಿಗಳ ನಡುವಿನ ಸಂದು ಅಗಲವಾಗುತ್ತದೆ, ಉರುಳೆ ಅದರೊಳಗೆ ಕುಸಿಯುತ್ತದೆ. ಹತ್ತಿದಂತೆ ಕಂಡರೂ ಅದರ ನಡುಭಾಗ ಇಳಿಯುತ್ತಿರುತ್ತದೆ. ಇನ್ನೊಂದು ಸಲ ಬಿಟ್ಟು ನೋಡಿದ್ದರೆ ಹುಡುಗನೇ ಕಂಡುಹಿಡಿಯುತ್ತಿದ್ದ. ಅಷ್ಟರಲ್ಲಿ ಮೇಷ್ಟ್ರು ಕಾಲರ್ ಹಿಡಿದೆಳೆದರು. “ಏಯ್, ಮುಟ್ಬೇಡ! ಲೈನಲ್ಲಿ ನಡಿ!”

ಮುಟ್ಟಲಿ ಅಂತಲೇ ಇಟ್ಟಿರೋದಲ್ವಾ ಸ್ವಾಮಿ?

ಸರ್ ಎಂ.ವಿ. ತೀರಿಕೊಂಡಿದ್ದು 1962ರ ಏಪ್ರಿಲ್‌ನಲ್ಲಿ. ಅದೇ ಜುಲೈ 14ಕ್ಕೆ ನೆಹರೂ ಬಂದು ಮ್ಯೂಸಿಯಂ ಉದ್ಘಾಟಿಸಿದರು. ಆದರೆ ಮೊದಲ ಗ್ಯಾಲರಿ, ವಿದ್ಯುತ್ತಿನದು, ಜನರಿಗೆ ತೆರೆದದ್ದು 1965ರ ಜುಲೈ 27ಕ್ಕೆ. ಒಂದು ಗ್ಯಾಲರಿಗೆ ಮೂರು ವರ್ಷ. ನಮ್ಮ ಮೇಷ್ಟ್ರು ಮಕ್ಕಳನ್ನು ಒಂದೊಂದು ಗ್ಯಾಲರಿ ದಾಟಿಸಿದ್ದು ಮೂರು ನಿಮಿಷದಲ್ಲಿ. ಆಮೇಲೆ ಎಂಜಿನ್ ಹಾಲ್, ಬಾಹ್ಯಾಕಾಶ, ಡೈನೋಸಾರ್ ಅಂತ ಅದು ಬೆಳೆದದ್ದು, 1984ರಲ್ಲಿ ಕಲಬುರಗಿಯಲ್ಲಿ ಅದರದೇ ಜಿಲ್ಲಾ ವಿಜ್ಞಾನ ಕೇಂದ್ರ ಆದದ್ದು, ಎಲ್ಲಾ ಲೈನಲ್ಲಿ ನಡೆಯೋದಕ್ಕಾ?

ನಾನು ಇದನ್ನು ಮೊದಲು ನೋಡಿದ್ದು ಬೆಂಗಳೂರಲ್ಲಲ್ಲ. ನಮ್ಮೂರು ಗೊತ್ತಲ್ಲ, ಶಿರಾ ಕಡೆ. ವಿಜ್ಞಾನದ ಮಾದರಿಗಳನ್ನು ತುಂಬಿಕೊಂಡು ಮ್ಯೂಸಿಯಂ ಬಸ್ಸೇ ನಮ್ಮ ಹೈಸ್ಕೂಲ್ ಮೈದಾನಕ್ಕೆ ಬಂದಿತ್ತು. ಒಂದು ಗುಂಡಿಯನ್ನು ಎಷ್ಟು ಸಲ ಒತ್ತಿದೆನೋ ಲೆಕ್ಕವಿಲ್ಲ. ಯಾರೂ ಬೈಯಲಿಲ್ಲ.

“ಎಂಬತ್ತು ಮಕ್ಕಳು, ಇಬ್ಬರು ಟೀಚರ್ರು. ಒಂದು ಮಗು ತಪ್ಪಿಸಿಕೊಂಡರೆ ನೀನು ಬಂದು ಉತ್ತರ ಹೇಳ್ತೀಯಾ?” ಅಂತಾಳೆ ತಂಗಿ. ಅವಳೂ ಟೀಚರ್. ಸರಿ ಕಣಮ್ಮಾ, ಒಪ್ಪಿದೆ. ಆದರೆ ಒಂದೇ ದಿನಕ್ಕೆ ಬನ್ನೇರುಘಟ್ಟ, ಲಾಲ್‌ಬಾಗ್, ವಿಧಾನಸೌಧ, ಮ್ಯೂಸಿಯಂ ಎಲ್ಲಾ ತುರುಕಿ ಅಂತ ಯಾರು ಹೇಳಿದ್ದು? ಇದು ಪ್ರವಾಸವೋ ಪಾರ್ಸೆಲ್ ಸರ್ವಿಸೋ? ಎರಡು ಜಾಗ ಬಿಡಿ. ಆ ಹುಡುಗನಿಗೆ ಬೇಕಿದ್ದದ್ದು ಇನ್ನೊಂದು ನಿಮಿಷ ಅಷ್ಟೇ.

ಇಷ್ಟೆಲ್ಲ ಕೂಗಾಡುವ ನಾನು ಮಾಡಿದ್ದೂ ಕೇಳಿ. ಕತ್ತು ಅಲ್ಲಾಡಿಸಿ ಗರ್ಜಿಸುವ ಆ ಡೈನೋಸಾರ್ ಮುಂದೆ ನಮ್ಮ ಹುಡುಗ, “ಚಿಕ್ಕಪ್ಪಾ, ಮೋಟಾರ್ ಎಲ್ಲಿಟ್ಟಿದ್ದಾರೆ?” ಅಂತ ಕೇಳಿದ. “ಆಮೇಲೆ ಹೇಳ್ತೀನಿ, ಇಲ್ಲಿ ನೋಡು, ನಗು” ಅಂದೆ. ಹನ್ನೊಂದು ಫೋಟೋ ತೆಗೆದಿದ್ದೇನೆ. ಎಲ್ಲದರಲ್ಲೂ ಬರೀ ಅವನ ಹಿಂದಲೆ. ಅಣ್ಣನಿಗೆ ಇನ್ನೂ ಕಳಿಸಿಲ್ಲ.