ಪಿಸುಗುಟ್ಟುವುದರಲ್ಲಿ ಯಾವ ಗುಟ್ಟೂ ಇಲ್ಲ

ಮೊನ್ನೆ ಚಿಕ್ಕಪ್ಪ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಹಾಕಿದ್ದರು. ‘ಪಿಸುಗುಟ್ಟು’ ಅಂದರೆ ಗುಟ್ಟನ್ನು ಮೆಲ್ಲಗೆ ಹೇಳುವುದು, ಅದಕ್ಕೇ ಆ ಪದದಲ್ಲಿ ‘ಗುಟ್ಟು’ ಇದೆ ಅಂತ. ಎಲ್ಲರೂ ಕೈ ಮುಗಿದರು. ಕೇಳೋಕೆ ಚೆಂದ. ಆದರೆ ತಪ್ಪು.

ಹಾಗಿದ್ದರೆ ಗೊಣಗುಟ್ಟುವವರ ಹತ್ತಿರ ಯಾವ ಗುಟ್ಟಿದೆ? ಸಿಡಿಗುಟ್ಟುವ ಮೇಷ್ಟ್ರು ಯಾವ ಗುಟ್ಟು ಬಿಟ್ಟುಕೊಟ್ಟರು? ಲೊಚಗುಟ್ಟುವ ಹಲ್ಲಿ? ಇಲ್ಲೆಲ್ಲ ಬರುವ ‘ಗುಟ್ಟು’ ಪದದ ಬಾಲ ಅಷ್ಟೇ. ಅದು ಅಂಟಿಕೊಂಡರೆ ಸದ್ದು ಕ್ರಿಯಾಪದವಾಗುತ್ತದೆ. ಇನ್ನು ‘ಪಿಸು’ ಬರೀ ಸದ್ದು. ವ್ಯಾಕರಣದವರು ಅನುಕರಣ ಅಂತಾರಲ್ಲ, ಅದೇ.

ಬೇಕಿದ್ದರೆ ಗಂಟಲಿನ ಮೇಲೆ ಬೆರಳಿಟ್ಟು ನೋಡಿ. ಜೋರಾಗಿ ಮಾತಾಡಿದರೆ ಒಳಗೆ ಅದುರುತ್ತದೆ. ಪಿಸುಗುಟ್ಟಿದರೆ ಅದುರುವುದಿಲ್ಲ, ಗಾಳಿ ಮಾತ್ರ ಹೊರಗೆ ಬರುತ್ತದೆ. ‘ಗಾಳಿ’ ಅಂತ ಪಿಸುಗುಟ್ಟಿದರೆ ಪಕ್ಕದವರಿಗೆ ‘ಕಾಳಿ’ ಅಂತ ಕೇಳಿಸಿದರೂ ಕೇಳಿಸಬಹುದು. ದೂರದಿಂದ ಕೇಳುವವರಿಗೆ ಮಾತು ಸಿಗುವುದಿಲ್ಲ, ಸಕಾರದ ಸುಸುಸು ಸಿಗುತ್ತದೆ. ನಮ್ಮ ಪಿಸುಪಿಸು, ಗುಸುಗುಸು, ತೆಲುಗರ ಗುಸಗುಸ, ತಮಿಳರ ಕಿಸುಕಿಸು, ಹಿಂದಿಯ ಫುಸ್‌ಫುಸ್ ಎಲ್ಲದರಲ್ಲೂ ‘ಸ’ ಕೂತಿರುವುದು ಸುಮ್ನೆ ಅಲ್ಲ.

ನನಗೆ ಇಷ್ಟವಾದ ವಿಷಯ ಇನ್ನೊಂದಿದೆ. ಹಳಗನ್ನಡದ ಪಾಲು, ಪಲ್ಲು, ಪೆಸರು ಆಮೇಲೆ ಹಾಲು, ಹಲ್ಲು, ಹೆಸರು ಆದವು. ಪಟಪಟ ಮಾತ್ರ ಹಟಹಟ ಅಲ್ಲ, ಪಿಸುಮಾತು ಹಿಸುಮಾತಲ್ಲ. ತುಟಿ ಸೇರಿಸದೆ ಆ ಸದ್ದು ಬರುವುದಾದರೂ ಹೇಗೆ? ಕಿವಿಗೆ ಕೇಳಿದ್ದೇ ಗೆದ್ದಿದೆ ಅಂತ ನನ್ನ ಲೆಕ್ಕ.

ಹಳೆಯ ಕಾವ್ಯ ಓದಿದವರು ‘ಪಿಸುಣ’ ನೆನಪಿಸಬಹುದು. ಪಿಸುಣ ಅಂದರೆ ಚಾಡಿಕೋರ. ಚಾಡಿ ಹೇಳುವವನು ಪಿಸುಗುಟ್ಟದೆ ಇರುತ್ತಾನಾ! ಆದರೆ ಆ ಪದ ಸಂಸ್ಕೃತದ ‘ಪಿಶುನ’ದಿಂದ ಬಂದದ್ದು, ದಾರಿ ಬೇರೆ.

ಸದ್ದು ಒಂದೇ ಥರ ಇದ್ದರೂ ಬಳಕೆ ಬೇರೆ, ಗಮನಿಸಿದ್ದೀರಾ? ಗುಸುಗುಸು ಅಂದ ಕೂಡಲೇ ಅನುಮಾನ. ಪಿಸುಮಾತಿನಲ್ಲಿ ಪ್ರೀತಿಗೂ ಜಾಗ ಇದೆ. ಕಿವಿಮಾತನ್ನಂತೂ ಈಗ ಮೈಕ್ ಹಿಡಿದೇ ಹೇಳುತ್ತಾರೆ.

ನಮ್ಮಜ್ಜಿಗೆ ಕಿವಿ ಮಂದ. ಮದುವೆ ಮನೆಯಲ್ಲಿ ನಾವು ಮೆಲ್ಲಗೆ ಮಾತಾಡಿದರೆ ‘ಏನ್ರೋ ಅದು ಪಿಸಪಿಸ, ಬಾಯಿಬಿಟ್ಟು ಹೇಳ್ರೋ’ ಅಂತ ರೇಗುತ್ತಿದ್ದರು. ಅವರು ನನ್ನ ಕಿವಿಯಲ್ಲಿ ‘ಹುಡುಗ ಸ್ವಲ್ಪ ಕುಳ್ಳ ಅಲ್ವೇನೋ’ ಅಂತ ಪಿಸುಗುಟ್ಟಿದ್ದು ಮಾತ್ರ ಮಂಟಪದವರೆಗೂ ಕೇಳಿಸಿತ್ತು.